ಮನೆಯೊಳಗಿನ ಎರಡು ಕೊಳಗ

ಉಳವಿ ಎಂದೊಡನೆ ಧಾರವಾಡ, ಬೆಳಗಾವಿಯ ಕಡೆಯ ಓದುಗರಿಗೆ ಚೆನ್ನಬಸವಣ್ಣನವರ ಸಮಾಧಿಯಿರುವ, ಜೋಯಿಡಾದ ಕಾಡಿನ ನಡುವಣ ಯಾತ್ರಾಸ್ಥಳ ನೆನಪಾದೀತು. ಈ ಬರಹದ ಉಳವಿ ಅದಲ್ಲ. ಇದು ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನದು, ಸಾಗರದಿಂದ ಸೊರಬಕ್ಕೆ ಹೋಗುವ ದಾರಿಯಲ್ಲಿ ಸಿಗುವ ಹೋಬಳಿಯ ಊರು. ಭತ್ತದ ಗದ್ದೆ, ಅಡಿಕೆ ತೋಟ, ಕೆರೆ, ಒಂದಿಷ್ಟು ಕಾಡು. ದೂರದವರು ಹೆಸರು ಕೇಳಿ ಹುಡುಕಿಕೊಂಡು ಬರುವಂಥದೇನೂ ಇಲ್ಲಿ ಇಲ್ಲ. ಆದರೆ ಈ ಊರಿನಲ್ಲಿ ನಿಂತು ತೆಂಕಲಿಗೆ ಮುಖ ಮಾಡಿದರೆ ಸಾಗರ ತಾಲ್ಲೂಕಿನ ಕಾಗೋಡು, ಬಡಗಲಿಗೆ ತಿರುಗಿದರೆ ಸೊರಬ ತಾಲ್ಲೂಕಿನದೇ ಆದ ಚಂದ್ರಗುತ್ತಿ. ಮೂವತ್ತೈದು ವರ್ಷಗಳ ಅಂತರದಲ್ಲಿ ಈ ಎರಡು ಊರುಗಳು ಇಡೀ ನಾಡಿನ ಮುಂದೆ ಒಂದೇ ಪ್ರಶ್ನೆಯನ್ನು ಇಟ್ಟವು. ಸಮಾಜದ ಒಂದು ವಿಷಯ ನಮ್ಮೆದುರಿಗೆ ಬಂದಾಗ ನಾವು ವಿಷಯವನ್ನು ತೂಗಿ ತೀರ್ಪು ಕೊಡುತ್ತೇವೆಯೋ, ಅಥವಾ ಅದು ಯಾರ ವಿಷಯ ಎಂಬುದನ್ನು ನೋಡಿ ತೀರ್ಪು ಕೊಡುತ್ತೇವೆಯೋ?

ಪ್ರಿಯ ಓದುಗರೇ, ಉತ್ತರ ಹೇಳಲು ಅವಸರಪಡಬೇಡಿ. ನಮ್ಮ ಮಲೆನಾಡಿನ ಯಾವ ಊರಿನ ಜಗುಲಿಯಲ್ಲಾದರೂ ಒಂದು ಸಂಜೆ ಕುಳಿತು ಆಲಿಸಿರಿ. ಪಕ್ಕದೂರಿನ ಒಂದು ಸುದ್ದಿ ಬರುತ್ತದೆ. ಯಾರೋ ಜಾತಿ ಮೀರಿ ಮದುವೆಯಾದರು, ಯಾರದೋ ಮನೆಯನ್ನು ಅರಣ್ಯ ಇಲಾಖೆಯವರು ಕೆಡವಿದರು, ಯಾವುದೋ ಹುಡುಗಿ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟಳು. ಸುದ್ದಿ ಪೂರ್ತಿಯಾಗುವ ಮೊದಲೇ ಕೇಳುವವರ ಬಾಯಿಂದ ಒಂದು ಪ್ರಶ್ನೆ ಹೊರಡುತ್ತದೆ: "ಯಾರ ಪೈಕಿ?" ಆ ಪ್ರಶ್ನೆಗೆ ಸಿಕ್ಕ ಉತ್ತರದಲ್ಲಿಯೇ ಅರ್ಧ ತೀರ್ಪು ಅಡಗಿರುತ್ತದೆ. ನಮ್ಮವರ ಮಗ ಕುಡಿದು ಗಲಾಟೆ ಮಾಡಿದರೆ ಅದು ವಯಸ್ಸಿನ ಹುಡುಗಾಟ. ಬೇರೆಯವರ ಮಗ ಮಾಡಿದರೆ ಆ ಜನವೇ ಹಾಗೆ. ನಮ್ಮವರು ಕಾಡಿನ ಅಂಚಿನಲ್ಲಿ ಎರಡು ಎಕರೆ ಹಸನು ಮಾಡಿಕೊಂಡಿದ್ದರೆ ಅದು ಬಗರ್ ಹುಕುಂ ಸಾಗುವಳಿ. ಅವರು ಮಾಡಿಕೊಂಡರೆ ಒತ್ತುವರಿ. ನಮಗೆ ಸಿಕ್ಕ ಮೀಸಲಾತಿ ಹಕ್ಕು, ಅವರಿಗೆ ಸಿಕ್ಕದ್ದು ಓಲೈಕೆ. ಗದ್ದೆ ಅದೇ, ಕಾನೂನು ಅದೇ. ಪದ ಮಾತ್ರ ಬದಲಾಯಿತು. ಪದ ಬದಲಾದ ಮೇಲೆ ಯೋಚಿಸುವುದಕ್ಕೆ ಹೆಚ್ಚೇನೂ ಉಳಿಯುವುದಿಲ್ಲ.

ಕಾಗೋಡಿನಲ್ಲಿ ಜಗಳ ಹುಟ್ಟಿದ್ದು ಒಂದು ಅಳತೆಯ ಪಾತ್ರೆಯಿಂದ. ಇಂದಿನ ಮಕ್ಕಳಿಗೆ ಕೊಳಗ ಎಂದರೆ ತಿಳಿಯದು; ಭತ್ತ ಅಳೆಯುವ ಪಾತ್ರೆ ಅದು. ಗೇಣಿದಾರನು ಒಡೆಯನ ಭೂಮಿಯನ್ನು ಉತ್ತು ಬಿತ್ತಿ, ಬೆಳೆದ ಭತ್ತದಲ್ಲಿ ಗೊತ್ತುಮಾಡಿದಷ್ಟು ಕೊಳಗಗಳನ್ನು ಒಡೆಯನ ಕಣಜಕ್ಕೆ ಅಳೆದು ಕೊಡಬೇಕು. ಆದರೆ ಗೇಣಿ ವಸೂಲಿಗೆ ಒಡೆಯರು ಬಳಸುತ್ತಿದ್ದ ಕೊಳಗ ಸರ್ಕಾರದ ಮುದ್ರೆಯುಳ್ಳ ಕೊಳಗಕ್ಕಿಂತ ದೊಡ್ಡದಾಗಿತ್ತು. ಲೆಕ್ಕದಲ್ಲಿ ಕೊಳಗಗಳ ಸಂಖ್ಯೆ ಸರಿಯಾಗಿಯೇ ಇರುತ್ತಿತ್ತು, ಗೇಣಿದಾರನ ಮನೆಗೆ ಉಳಿಯಬೇಕಾದ ಭತ್ತ ಮಾತ್ರ ಕಡಿಮೆಯಾಗುತ್ತಿತ್ತು. ಗೇಣಿದಾರರಲ್ಲಿ ಹೆಚ್ಚಿನವರು ದೀವರು. ಒಡೆಯರು ಜಾತಿಯಲ್ಲಿ ಅವರಿಗಿಂತ ಮೇಲೆನಿಸಿಕೊಂಡವರು. ಎಚ್. ಗಣಪತಿಯಪ್ಪನವರು ಈ ರೈತರನ್ನು ಸಂಘಟಿಸಿದರು. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಆರಂಭವಾಯಿತು. ಗೇಣಿದಾರರು ತಮ್ಮನ್ನು ಹೊರಹಾಕಿದ್ದ ಭೂಮಿಗೆ ನೇಗಿಲು ಹೊತ್ತು ಇಳಿದು ಬಂಧನಕ್ಕೊಳಗಾದರು. ಸಮಾಜವಾದಿ ಪಕ್ಷ ಅವರ ಬೆನ್ನಿಗೆ ನಿಂತಿತು. ಅದೇ ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಅವರು ಇಲ್ಲಿಗೆ ಬಂದು ಬಂಧಿತರಾದಾಗ ಈ ಮೂಲೆಯ ಹಳ್ಳಿಯ ಹೆಸರು ದೇಶಕ್ಕೆಲ್ಲ ಕೇಳಿಸಿತು.

ಒಡೆಯರ ಮನೆಗಳಲ್ಲಿ ಆಗ ದುಷ್ಟರೇ ತುಂಬಿದ್ದರೆಂದು ನಾವು ಭಾವಿಸಬೇಕಾಗಿಲ್ಲ. ಅಲ್ಲಿಯೂ ದೇವರಿಗೆ ದೀಪ ಹಚ್ಚುವವರು, ಹಸಿದು ಬಂದವರಿಗೆ ಅನ್ನ ಹಾಕುವವರು ಇದ್ದಿರಲೇಬೇಕು. ತನ್ನ ಬಂಧುವೊಬ್ಬನಿಗೆ ಭತ್ತ ಅಳೆಯುವಾಗ ಒಂದು ಹಿಡಿ ಕಡಿಮೆ ಬಿದ್ದರೆ ಅಂಥವನ ಮನಸ್ಸು ನೊಂದೀತು. ಆದರೆ ಗೇಣಿಯ ದೊಡ್ಡ ಕೊಳಗ ಅವನ ಕಣ್ಣಿಗೆ ಮೋಸವಾಗಿ ಕಾಣಲಿಲ್ಲ. ಅದು ತಾತನ ಕಾಲದ ಪದ್ಧತಿ. ಅದನ್ನು ಪ್ರಶ್ನಿಸುವವನು ಭತ್ತದ ಅಳತೆಯನ್ನಲ್ಲ, ತನ್ನ ಮನೆತನದ ಮರ್ಯಾದೆಯನ್ನೇ ಪ್ರಶ್ನಿಸುತ್ತಿದ್ದಾನೆ ಎಂದು ತೋರಿತು. ಗುಂಪಿನ ಗುರುತು ಮನುಷ್ಯನ ಮೇಲೆ ಮಾಡುವ ಅತಿ ಸೂಕ್ಷ್ಮವಾದ ಕೆಲಸ ಇದೇ ಎಂದು ನನಗನ್ನಿಸುತ್ತದೆ. ಅದು ಸಾಮಾನ್ಯವಾಗಿ ನಮ್ಮನ್ನು ಕೆಟ್ಟವರನ್ನಾಗಿ ಮಾಡುವುದಿಲ್ಲ. ನಮ್ಮ ಒಳ್ಳೆಯತನಕ್ಕೆ ಒಂದು ಬೇಲಿ ಹಾಕುತ್ತದೆ, ಅಷ್ಟೇ. ಬೇಲಿಯ ಒಳಗೆ ಸರ್ಕಾರಿ ಮುದ್ರೆಯ ಕೊಳಗ, ಹೊರಗೆ ಇನ್ನೊಂದು.

ಒಂದೇ ಮನೆಯಲ್ಲಿ ದೊಡ್ಡದೂ ಚಿಕ್ಕದೂ ಆದ ಎರಡು ಅಳತೆಗಳನ್ನು ಇಟ್ಟುಕೊಳ್ಳುವುದನ್ನು ಧರ್ಮೋಪದೇಶಕಾಂಡದ 25ನೆಯ ಅಧ್ಯಾಯ ಸ್ಪಷ್ಟವಾಗಿ ನಿಷೇಧಿಸುತ್ತದೆ. ಅಂಗಡಿಯಲ್ಲಿ ಎಂದಷ್ಟೇ ಅಲ್ಲಿ ಹೇಳಿಲ್ಲ, ಮನೆಯಲ್ಲಿ ಇರಕೂಡದು ಎಂದಿದೆ. ಯೇಸುಸ್ವಾಮಿ ಬೆಟ್ಟದ ಮೇಲಿನ ಬೋಧನೆಯಲ್ಲಿ ಇತರರಿಗೆ ತೀರ್ಪು ಕೊಡುವ ವಿಷಯವನ್ನು ಎತ್ತಿದಾಗಲೂ ಅಳತೆಯ ಮಾತನ್ನೇ ಬಳಸಿದರು. ಭತ್ತದ ಕಣದಲ್ಲಿ ಬೆಳೆದ ನಮಗೆ ಆ ಮಾತು ಅರ್ಥವಾಗುವಷ್ಟು ಸುಲಭವಾಗಿ ಪಟ್ಟಣದವರಿಗೆ ಅರ್ಥವಾಗಲಾರದು.

ಇದು ಮಲೆನಾಡಿನ ಜಾತಿಪದ್ಧತಿಯಿಂದ ಮಾತ್ರ ಬಂದ ದೋಷವೇ ಎಂದು ಯಾರಾದರೂ ಕೇಳಬಹುದು. ಅಲ್ಲವೆನ್ನುವುದಕ್ಕೆ ಆಧಾರವಿದೆ. ಪೋಲೆಂಡಿನ ಯೆಹೂದ್ಯ ಕುಟುಂಬದಲ್ಲಿ ಹುಟ್ಟಿ, ಎರಡನೆಯ ಮಹಾಯುದ್ಧದಲ್ಲಿ ತನ್ನವರನ್ನು ಕಳೆದುಕೊಂಡ ಹೆನ್ರಿ ತಾಜ್‌ಫೆಲ್ ಎಂಬ ಮನಃಶಾಸ್ತ್ರಜ್ಞರು ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಶಾಲಾ ಬಾಲಕರ ನಡುವೆ ಒಂದು ಪ್ರಯೋಗ ನಡೆಸಿ 1970ರಲ್ಲಿ ಪ್ರಕಟಿಸಿದರು. ಪರದೆಯ ಮೇಲೆ ಚುಕ್ಕೆಗಳನ್ನು ತೋರಿಸಿ ಎಷ್ಟಿವೆಯೆಂದು ಬಾಲಕರನ್ನು ಕೇಳಲಾಯಿತು. ಹೆಚ್ಚು ಎಣಿಸಿದವರು ಒಂದು ಗುಂಪು, ಕಡಿಮೆ ಎಣಿಸಿದವರು ಇನ್ನೊಂದು ಗುಂಪು ಎಂದು ಹೇಳಲಾಯಿತು. ನಿಜವಾಗಿ ಆ ವಿಂಗಡಣೆಗೆ ಯಾವ ಆಧಾರವೂ ಇರಲಿಲ್ಲ, ಸುಮ್ಮನೆ ಹಂಚಿದ್ದರು. ಬಳಿಕ ಉಳಿದ ಬಾಲಕರಿಗೆ ಸ್ವಲ್ಪ ಹಣವನ್ನು ಹಂಚುವಂತೆ ಪ್ರತಿಯೊಬ್ಬನಿಗೂ ಹೇಳಿದರು. ಯಾರಿಗೆ ಹಂಚುತ್ತಿದ್ದೇವೆಂದು ಅವರಿಗೆ ತಿಳಿಯದು, ಅವನು ಯಾವ ಗುಂಪಿನವನೆಂಬುದು ಮಾತ್ರ ತಿಳಿಯುತ್ತಿತ್ತು. ಬಾಲಕರು ತಮ್ಮ ಗುಂಪಿನವರಿಗೇ ಹೆಚ್ಚು ಕೊಟ್ಟರು. ಅಷ್ಟೇ ಆಗಿದ್ದರೆ ಆಶ್ಚರ್ಯವಿರಲಿಲ್ಲ. ತಮ್ಮ ಗುಂಪಿಗೆ ಒಟ್ಟಾರೆ ಕಡಿಮೆ ಹಣ ಬಂದರೂ ಚಿಂತೆಯಿಲ್ಲ, ಇನ್ನೊಂದು ಗುಂಪಿಗಿಂತ ಹೆಚ್ಚು ಬರಬೇಕು ಎಂಬಂಥ ಆಯ್ಕೆಯನ್ನು ಅವರು ಮತ್ತೆ ಮತ್ತೆ ಮಾಡಿದರು. ಚುಕ್ಕೆಗಳ ಮೇಲೆ ಕಟ್ಟಿದ ಒಂದು ಗಂಟೆಯ ಜಾತಿ ಇಷ್ಟು ಮಾಡಬಲ್ಲದಾದರೆ ಸಾವಿರ ವರ್ಷಗಳ ಜಾತಿಯ ಬಗ್ಗೆ ಏನು ಹೇಳೋಣ!

ಅಮೆರಿಕದ ಜೆಫ್ರಿ ಕೊಹೆನ್ ಎಂಬ ವಿದ್ವಾಂಸರು 2003ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಹತ್ತಿರಕ್ಕೆ ಬರುತ್ತದೆ. ಬಡವರ ನೆರವಿಗಾಗಿ ರೂಪಿಸಿದ ಯೋಜನೆಯೊಂದರ ವಿವರವನ್ನು ಅವರು ಕಾಲೇಜು ವಿದ್ಯಾರ್ಥಿಗಳ ಕೈಗೆ ಕೊಟ್ಟರು. ಕೆಲವರಿಗೆ ಉದಾರವಾದ ಯೋಜನೆ, ಕೆಲವರಿಗೆ ಬಿಗಿಯಾದ ಯೋಜನೆ. ಅದನ್ನು ಯಾವ ರಾಜಕೀಯ ಪಕ್ಷ ಬೆಂಬಲಿಸಿದೆ ಎಂಬ ಮಾತನ್ನೂ ಜೊತೆಗೆ ಸೇರಿಸಿದರು. ಯೋಜನೆಯೊಳಗೆ ಏನೇ ಇರಲಿ, ತಮ್ಮ ಪಕ್ಷದ್ದೆಂದು ಕಂಡದ್ದನ್ನು ವಿದ್ಯಾರ್ಥಿಗಳು ಮೆಚ್ಚಿದರು. ಏಕೆ ಮೆಚ್ಚಿದಿರಿ ಎಂದು ಕೇಳಿದರೆ, ವಿವರಗಳನ್ನು ಓದಿಯೇ ತೀರ್ಮಾನಿಸಿದೆವು ಎಂದರು. ಪಕ್ಷವನ್ನು ನೋಡಿ ತೀರ್ಮಾನಿಸುವವರು ಬೇರೆಯವರು ಎಂಬುದು ಅವರ ನಂಬಿಕೆಯಾಗಿತ್ತು. ನಮ್ಮ ಚುನಾವಣೆಗಳ ಕಾಲದಲ್ಲಿ ಇಂಥ ಮಾತನ್ನು ನೀವು ಕೇಳಿಯೇ ಇರುತ್ತೀರಿ.

ಹಾಗಾದರೆ ಗುಂಪಿನ ಗುರುತನ್ನೇ ತೊರೆದುಬಿಡಬೇಕೇ? ಬೋಧಕರಲ್ಲಿ ಕೆಲವರು ಹಾಗೆ ಸುಲಭವಾಗಿ ಹೇಳಿಬಿಡುತ್ತಾರೆ: ನಾವೆಲ್ಲರೂ ಮನುಷ್ಯರು, ಜಾತಿ ಭಾಷೆಗಳ ಮಾತೇಕೆ ಎಂದು. ನನಗೆ ಈ ಉಪದೇಶ ಒಪ್ಪಿಗೆಯಾಗುವುದಿಲ್ಲ. ಕಾಗೋಡಿನ ಗೇಣಿದಾರನು ಒಂಟಿಯಾಗಿ ದೊಡ್ಡ ಕೊಳಗವನ್ನು ಪ್ರಶ್ನಿಸಿದ್ದರೆ ಮರುದಿನವೇ ಅವನಿಗೆ ಗದ್ದೆ ತಪ್ಪುತ್ತಿತ್ತು. ಸಂಘ ಇದ್ದುದರಿಂದ, ಸಂಘದ ಹಿಂದೆ ಒಂದು ಸಮುದಾಯ ಇದ್ದುದರಿಂದ ಅವನು ಬಾಯಿ ತೆರೆದನು. ನೋವು ಅನುಭವಿಸಿದವರಿಗೆ ತಮ್ಮ ನೋವನ್ನು ಹೆಸರಿಡಿದು ಕರೆಯಲು ಗುರುತು ಬೇಕಾಗುತ್ತದೆ. ನಾವೇನು, ಕರಾವಳಿಯಿಂದ ಘಟ್ಟ ಹತ್ತಿ ಬಂದ ಕೊಂಕಣಿಗರು, ಭದ್ರಾವತಿಯ ಕಾರ್ಖಾನೆಗಳಿಗೆ ಬಂದ ತಮಿಳರು, ಕೇರಳದಿಂದ ಬಂದ ಮಲೆಯಾಳಿಗಳು, ಇಲ್ಲಿಯೇ ಹುಟ್ಟಿ ಬೆಳೆದ ಕನ್ನಡಿಗರು ಹೀಗೆ ಬಗೆಬಗೆಯವರು ಒಂದೇ ದೇವಾಲಯದಲ್ಲಿ ಮೊಣಕಾಲೂರುತ್ತೇವೆ. ತಾಯಿ ಕಲಿಸಿದ ಪ್ರಾರ್ಥನೆಯನ್ನು ತಾಯಿಯ ನುಡಿಯಲ್ಲಿ ಹೇಳಬೇಕೆನ್ನುವುದು ಪಾಪವಲ್ಲ. ಗುರುತಿನಿಂದ ಕಣ್ಣು ತೆರೆಯುವುದುಂಟು. ಅದೇ ಗುರುತನ್ನು ಕೊಳಗವಾಗಿ ಬಳಸಿದಾಗ ತೊಡಕು ಆರಂಭವಾಗುತ್ತದೆ.

ಈ ತೊಡಕು ಎಷ್ಟು ಜಟಿಲವಾಗಬಹುದೆಂಬುದಕ್ಕೆ ಚಂದ್ರಗುತ್ತಿಯನ್ನು ನೋಡಬೇಕು. ಅಲ್ಲಿನ ಬೆಟ್ಟದ ರೇಣುಕಾಂಬೆಯ ದೇಗುಲಕ್ಕೆ ಹರಕೆ ಹೊತ್ತವರು ವರದಾ ನದಿಯಲ್ಲಿ ಮಿಂದು ಬೆತ್ತಲೆಯಾಗಿ ನಡೆದು ಹೋಗುವ ಸೇವೆ ಇತ್ತು. ಅವರಲ್ಲಿ ಹೆಂಗಸರೂ ಇದ್ದರು. ಬಡವರು, ಹಿಂದುಳಿದವರು, ದಲಿತರು ಬಹಳ. ಇದು ಹೆಣ್ಣಿನ ಮಾನಕ್ಕೆ ಕುಂದು ಎಂದು ದಲಿತ ಸಂಘರ್ಷ ಸಮಿತಿಯವರೂ ಇತರ ಪ್ರಗತಿಪರರೂ ವಿರೋಧಿಸಿದರು. 1986ರ ಮಾರ್ಚ್ ತಿಂಗಳ ಜಾತ್ರೆಯಲ್ಲಿ ತಡೆಯಲು ಹೋದ ಕಾರ್ಯಕರ್ತರ ಮೇಲೂ ಪೊಲೀಸರ ಮೇಲೂ ಗುಂಪು ಎರಗಿತು. ಮಹಿಳಾ ಪೊಲೀಸರನ್ನೂ ಬಿಡದೆ ಬಟ್ಟೆ ಕಿತ್ತು ಅವಮಾನಿಸಲಾಯಿತು. ಆ ಬಳಿಕ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು.

ಇಲ್ಲಿ ಯಾರು ಯಾವ ಗುಂಪು? ವಿರೋಧಿಸಲು ಬಂದವರಲ್ಲಿಯೂ ಹರಕೆ ಹೊತ್ತವರಲ್ಲಿಯೂ ದಲಿತರಿದ್ದರು. ಜಾತಿ ಒಂದೇ ಆಗಿದ್ದರೂ ಗುಂಪು ಎರಡಾಗಿತ್ತು. ಓದಿದವರು ಎಂಬುದೂ ಒಂದು ಗುಂಪು; ಭಕ್ತರು ಎಂಬುದು ಇನ್ನೊಂದು. ನಮ್ಮ ದೇವಿಯ ವಿಷಯದಲ್ಲಿ ಹೊರಗಿನವರು ಕೈಹಾಕಿದರು ಎಂಬ ಒಂದೇ ಭಾವನೆ ಹಬ್ಬಿದೊಡನೆ, ದೇವಿಯ ಮುಂದೆ ತಲೆಬಾಗಲು ಬಂದವರು ಹೆಣ್ಣುಮಕ್ಕಳ ಬಟ್ಟೆಗೆ ಕೈಹಾಕಿದರು. ಭಕ್ತಿಗೂ ಆ ಕೃತ್ಯಕ್ಕೂ ಏನು ಸಂಬಂಧ? ಏನೂ ಇಲ್ಲ. ಗುಂಪಿನ ಅಭಿಮಾನಕ್ಕೂ ಆ ಕೃತ್ಯಕ್ಕೂ ಸಂಬಂಧವಿದೆ. ಇತ್ತ, ತೀರ್ಥಹಳ್ಳಿ ತಾಲ್ಲೂಕಿನವರೇ ಆದ ಯು. ಆರ್. ಅನಂತಮೂರ್ತಿಯವರು ಈ ಘಟನೆಯನ್ನು ಮುಂದಿಟ್ಟುಕೊಂಡು, ಬೆತ್ತಲೆ ಪೂಜೆ ಏಕೆ ಕೂಡದು ಎಂಬ ಪ್ರಶ್ನೆಯನ್ನೇ ಶೀರ್ಷಿಕೆಯಾಗಿಸಿ ಬರೆದರು. ವಿದ್ಯಾವಂತನು ಭಕ್ತನನ್ನು ಅಜ್ಞಾನಿ ಎಂದು ತಳ್ಳಿಹಾಕುವಾಗ ಅವನ ಒಳಗಿನ ಯಾವುದೋ ಒಂದು ಲೋಕವನ್ನು ಕಾಣದೆ ಹೋಗುತ್ತಾನೆ ಎಂಬ ಕಳವಳ ಅವರದು. ಆ ಕಳವಳದಲ್ಲಿ ಸತ್ಯವಿದೆ. ಆದರೂ ಈ ವಿಷಯದಲ್ಲಿ ನನ್ನ ಮನಸ್ಸು ನಿಷೇಧದ ಪರವಾಗಿಯೇ ನಿಲ್ಲುತ್ತದೆ. ಏಕೆಂದರೆ ಎರಡೂ ಕಡೆಯ ವಾದಗಳ ಸದ್ದಿನಲ್ಲಿ ಕೇಳಿಸದೆ ಹೋದದ್ದು ಹರಕೆ ಹೊತ್ತು ನಡೆಯಬೇಕಾಗಿದ್ದ ಹೆಂಗಸಿನ ದನಿ. ಅವಳು ಎಷ್ಟು ಸ್ವಇಚ್ಛೆಯಿಂದ ನಡೆದಳು, ಎಷ್ಟು ಮನೆಯವರ ಒತ್ತಾಯದಿಂದ ನಡೆದಳು ಎಂದು ವಿಚಾರಿಸಿದವರು ಕಡಿಮೆ. ಅವಳು ಎರಡು ಗುಂಪುಗಳಿಗೂ ಧ್ವಜವಾದಳು.

ಇದು ಅನ್ಯರ ಜಾತ್ರೆಯ ಮಾತು, ನಮಗೇಕೆ ಎನ್ನದಿರಿ. ಸಂತ ಪೌಲರು ಗಲಾತ್ಯರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ನಮ್ಮ ಧರ್ಮಸಭೆಯ ಮೊದಲ ನಾಯಕರ ಒಂದು ಪ್ರಸಂಗವಿದೆ. ಅಂತಿಯೋಕ್ಯದಲ್ಲಿ ಸಂತ ಪೇತ್ರರು ಯೆಹೂದ್ಯರಲ್ಲದ ವಿಶ್ವಾಸಿಗಳೊಡನೆ ಒಂದೇ ಪಂಕ್ತಿಯಲ್ಲಿ ಊಟ ಮಾಡುತ್ತಿದ್ದರು. ಜೆರುಸಲೇಮಿನಿಂದ ಯಕೋಬನ ಕಡೆಯವರು ಬಂದ ಮೇಲೆ ಮೆಲ್ಲನೆ ಹಿಂದೆ ಸರಿದು ಬೇರೆ ಕುಳಿತರು. ಅವರನ್ನು ನೋಡಿ ಉಳಿದವರೂ, ಬಾರ್ನಬನೂ ಕೂಡ, ಸರಿದರು. ಪೇತ್ರರ ವಿಶ್ವಾಸವೇನೂ ಒಂದು ರಾತ್ರಿಯಲ್ಲಿ ಬದಲಾಗಿರಲಿಲ್ಲ. ಕೊರ್ನೇಲಿಯನ ಮನೆಯಲ್ಲಿ ದೇವರು ಪಕ್ಷಪಾತಿಯಲ್ಲವೆಂದು ಸಾರಿದವರು ಅವರೇ. ನೋಡುತ್ತಿದ್ದ ಕಣ್ಣುಗಳು ಮಾತ್ರ ಬದಲಾಗಿದ್ದವು, ತಮ್ಮವರ ಕಣ್ಣುಗಳು! ಅನ್ಯರ ಮುಂದೆ ಧೈರ್ಯವಾಗಿ ನಿಲ್ಲಬಲ್ಲವರು ಕೂಡ ತಮ್ಮವರ ಮುಂದೆ ಅಳುಕುತ್ತಾರೆ. ಪಂಕ್ತಿಭೇದದ ನಾಡಿನಲ್ಲಿ ಹುಟ್ಟಿದ ನಮಗೆ ಈ ಪ್ರಸಂಗದ ಕುರಿತು ಹೆಚ್ಚು ಪ್ರಬೋಧನೆಗಳು ಸಿಗದಿರುವುದು ಸೋಜಿಗವೇ ಸರಿ.

ಈಗ ನಮ್ಮ ಅಂಗಳಕ್ಕೆ ಬರೋಣ. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನಲ್ಲಿಯೂ ನಾಡಿನ ಇತರ ಕೆಲವೆಡೆಗಳಲ್ಲಿಯೂ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ನಡೆದಾಗ ನಾವೆಲ್ಲ ಒಂದು ಲೆಕ್ಕವನ್ನು ಮನಸ್ಸಿನಲ್ಲಿ ಇಟ್ಟುಕೊಂಡೆವು: ಅನ್ಯಧರ್ಮದ ನೆರೆಯವರಲ್ಲಿ ನಮ್ಮ ಜೊತೆ ಯಾರು ನಿಂತರು, ಯಾರು ಸುಮ್ಮನಿದ್ದರು? ಆ ಲೆಕ್ಕ ಸಹಜ, ನ್ಯಾಯವಾದದ್ದೂ ಹೌದು. ಆದರೆ ಅದೇ ಲೆಕ್ಕದ ಪುಸ್ತಕದ ಇನ್ನೊಂದು ಪುಟವನ್ನು ತೆರೆದು ನೋಡಿರಿ. ಬೇರೆ ಧರ್ಮದವರ ಅಂಗಡಿಗೆ ಬಹಿಷ್ಕಾರ ಹಾಕಿದಾಗ, ದಲಿತರಿಗೆ ದೇಗುಲದ ಬಾಗಿಲು ಮುಚ್ಚಿದಾಗ, ಕಾಡಿನಂಚಿನ ಕುಟುಂಬಗಳನ್ನು ಎತ್ತಂಗಡಿ ಮಾಡಿದಾಗ ನಮ್ಮ ಧರ್ಮಕೇಂದ್ರದಿಂದ ಎಷ್ಟು ಮೇಣದ ಬತ್ತಿಗಳು ಹೊರಬಂದವು? ನಮ್ಮ ಮೇಲಿನ ದಾಳಿ ಸಂವಿಧಾನದ ಪ್ರಶ್ನೆ, ಅವರ ಮೇಲಿನದು ಕಾನೂನು ಸುವ್ಯವಸ್ಥೆಯ ಪ್ರಶ್ನೆ ಎಂದು ಎಣಿಸಿದರೆ ಅಲ್ಲಿಯೂ ಕೊಳಗ ಎರಡಾಯಿತು.

ಇದಕ್ಕಿಂತ ನೋವಿನ ವಿಷಯ ಇನ್ನೊಂದಿದೆ. 1950ರ ಆಗಸ್ಟ್ 10ರ ರಾಷ್ಟ್ರಪತಿಗಳ ಆದೇಶವು ಪರಿಶಿಷ್ಟ ಜಾತಿಯ ಸ್ಥಾನಮಾನವನ್ನು ಹಿಂದೂಗಳಿಗೆ ಮಾತ್ರ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಅದರಲ್ಲಿ ಸೇರಿಸಲಾಯಿತು. ಕ್ರೈಸ್ತರಾದ ದಲಿತರು ಹೊರಗೇ ಉಳಿದರು. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಅವರು ಪ್ರವರ್ಗ 1ರಲ್ಲಿ ಇದ್ದಾರೆ, ಉಳಿದ ಕ್ರೈಸ್ತರು 3ಬಿಯಲ್ಲಿ. ಮತಾಂತರದಿಂದ ಅಸ್ಪೃಶ್ಯತೆಯ ಕಲೆ ಅಳಿಯುವುದಿಲ್ಲ, ಆದುದರಿಂದ ಅವರಿಗೂ ಹಕ್ಕು ಕೊಡಿ ಎಂದು ನಾವು ಸರ್ಕಾರವನ್ನು ಕೇಳುತ್ತ ಬಂದಿದ್ದೇವೆ. ಈ ವಿಷಯವನ್ನು ಪರಿಶೀಲಿಸಲು ಕೇಂದ್ರ ಸರ್ಕಾರ 2022ರಲ್ಲಿ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ಆಯೋಗವೊಂದನ್ನು ನೇಮಿಸಿತು. ಬೇಡಿಕೆ ನ್ಯಾಯವಾದುದು. ಆದರೆ ಅಳಿಯದ ಆ ಕಲೆಯನ್ನು ಉಳಿಸಿಕೊಂಡವರು ಯಾರು? ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2016ರ ಡಿಸೆಂಬರ್‌ನಲ್ಲಿ ಹೊರತಂದ ದಲಿತ ಸಬಲೀಕರಣ ನೀತಿಯಲ್ಲಿ ಧರ್ಮಸಭೆಯೊಳಗೇ ಅಸ್ಪೃಶ್ಯತೆ ಆಚರಣೆಯಲ್ಲಿದೆ ಎಂದು ತಾನೇ ಒಪ್ಪಿಕೊಂಡಿತು. ಸರ್ಕಾರಕ್ಕೆ ಕೊಡುವ ಮನವಿಗೆ ಒಂದೇ ಮನಸ್ಸಿನಿಂದ ಸಹಿ ಹಾಕುವ ಕುಟುಂಬಗಳು ಮಗಳ ಮದುವೆಯ ಮಾತುಕತೆಗೆ ಕುಳಿತಾಗ "ಯಾರ ಪೈಕಿ?" ಎಂದು ಕೇಳುವುದಿಲ್ಲವೇ?

2025ರ ಸೆಪ್ಟೆಂಬರ್ 22ರಂದು ರಾಜ್ಯದ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭವಾಗುವ ಹೊತ್ತಿಗೆ, ಹಿಂದೂ ಜಾತಿಗಳ ಹೆಸರಿಗೆ ಕ್ರೈಸ್ತ ಎಂಬ ಪದ ಸೇರಿದ್ದ ಹಲವು ಹೆಸರುಗಳು ಪಟ್ಟಿಯಲ್ಲಿ ಕಂಡು ದೊಡ್ಡ ವಿವಾದವಾಯಿತು. ಕೊನೆಗೆ ಆ ಹೆಸರುಗಳನ್ನು ಮರೆಮಾಡಲಾಯಿತು. ವಿವಾದದಲ್ಲಿ ಪ್ರತಿಯೊಂದು ಸಮುದಾಯವೂ ಕೇಳಿದ್ದು ಒಂದೇ ಪ್ರಶ್ನೆ: ಇದರಿಂದ ನಮ್ಮ ಸಂಖ್ಯೆ ಹೆಚ್ಚುವುದೋ ಕಡಿಮೆಯಾಗುವುದೋ? ಹಿಂದುಳಿದಿರುವವರು ಯಾರು, ಎಷ್ಟು ಹಿಂದುಳಿದಿದ್ದಾರೆ ಎಂದು ತಿಳಿಯಲು ಹೊರಟ ಸಮೀಕ್ಷೆಯ ಮುಂದೆ ಅವರ ಬಡತನದ ಮಾತು ಹಿಂದಾಯಿತು. ನಾವೂ ನಮ್ಮ ಸಂಖ್ಯೆಯನ್ನೇ ಎಣಿಸುತ್ತಿದ್ದೆವು.

ಇದಕ್ಕೆ ಉಪಾಯವೇನು ಎಂದು ಕೇಳುವವರಿಗೆ ಬೈಬಲಿನಲ್ಲಿ ಒಬ್ಬ ಜಾಣ ಗುರುವಿದ್ದಾನೆ. ದಾವೀದ ಅರಸನು ಊರೀಯನ ಹೆಂಡತಿಯನ್ನು ಅಪಹರಿಸಿ, ಊರೀಯನನ್ನು ಯುದ್ಧದಲ್ಲಿ ಕೊಲ್ಲಿಸಿದ ಮೇಲೆ ಪ್ರವಾದಿ ನಾತಾನನು ಅರಮನೆಗೆ ಬಂದನು. ನೇರವಾಗಿ ಆರೋಪ ಮಾಡಿದ್ದರೆ ದಾವೀದನು ಅರಸನ ಸ್ಥಾನದಿಂದ ಉತ್ತರ ಕೊಡುತ್ತಿದ್ದನು. ನಾತಾನನು ಹೆಸರುಗಳನ್ನೆಲ್ಲ ತೆಗೆದುಹಾಕಿದನು. ಒಬ್ಬ ಧನಿಕ, ಒಬ್ಬ ಬಡವ, ಬಡವನ ಮನೆಯಲ್ಲಿ ಮಗಳಂತೆ ಬೆಳೆದ ಒಂದು ಕುರಿಮರಿ, ಅಷ್ಟೇ ಕತೆ. ಯಾರ ಪೈಕಿ ಎಂದು ಕೇಳುವ ಅವಕಾಶವೇ ದಾವೀದನಿಗೆ ಸಿಗಲಿಲ್ಲ. ಆದ್ದರಿಂದ ಅವನು ಸರ್ಕಾರಿ ಮುದ್ರೆಯ ಕೊಳಗದಲ್ಲಿ ಅಳೆದನು, ಆ ಧನಿಕನಿಗೆ ಸಾವೇ ಸರಿ ಎಂದನು. ಹೆಸರು ಬಂದದ್ದು ಆಮೇಲೆ. 1971ರಲ್ಲಿ ಅಮೆರಿಕದ ತತ್ತ್ವಜ್ಞಾನಿ ಜಾನ್ ರಾಲ್ಸ್ ನ್ಯಾಯದ ಕುರಿತು ಬರೆದ ದೊಡ್ಡ ಗ್ರಂಥದಲ್ಲಿ, ಸಮಾಜದ ನಿಯಮಗಳನ್ನು ರೂಪಿಸುವವರು ತಾವು ಯಾವ ಮನೆಯಲ್ಲಿ ಹುಟ್ಟುವೆವೆಂದು ತಿಳಿಯದ ಪರದೆಯ ಹಿಂದೆ ಕುಳಿತಂತೆ ಯೋಚಿಸಬೇಕು ಎಂದು ವಾದಿಸಿದರು. ನಾತಾನನು ಆ ಪರದೆಯನ್ನು ಒಂದು ಕುರಿಮರಿಯ ಕತೆಯಿಂದ ನೇಯ್ದಿದ್ದನು.

ಮನೆಯಲ್ಲಿ ಪತ್ರಿಕೆ ಓದುವಾಗ ನೀವು ಇದನ್ನು ಮಾಡಿ ನೋಡಬಹುದು. ಸುದ್ದಿಯೊಂದನ್ನು ಮಕ್ಕಳಿಗೆ ಹೇಳುವಾಗ ಊರು, ಜಾತಿ, ಧರ್ಮ, ಪಕ್ಷದ ಹೆಸರುಗಳನ್ನು ಬಿಟ್ಟು ಹೇಳಿ. ಯಾರದು ತಪ್ಪು ಎಂದು ಕೇಳಿ. ಆಮೇಲೆ ಹೆಸರುಗಳನ್ನು ಸೇರಿಸಿ. ಊಟದ ಮನೆಯಲ್ಲಿ ಸ್ವಲ್ಪ ಹೊತ್ತು ಮೌನ ಆವರಿಸೀತು.

ಹೀಗೆ ಒಂದೇ ಕೊಳಗದಲ್ಲಿ ಅಳೆದವರು ನಮ್ಮ ನಡುವೆ ಇಲ್ಲದಿಲ್ಲ. ಶಾಂತವೇರಿ ಗೋಪಾಲಗೌಡರು ಕಾಗೋಡಿನ ಗೇಣಿದಾರರ ಜಾತಿಯವರಲ್ಲ. ಅವರಿಗಾಗಿ ಹೋರಾಡಿ, 1952ರ ಚುನಾವಣೆಯಲ್ಲಿ ಇದೇ ಸೀಮೆಯಿಂದ ಶಾಸನಸಭೆಗೆ ಆರಿಸಿ ಹೋದರು. ಸಾಗರದ ನಾ. ಡಿಸೋಜ ಅವರು ನಮ್ಮವರೇ. ಮನೆಮಾತು ಕೊಂಕಣಿ, ಧರ್ಮ ಕಥೋಲಿಕ. ಶರಾವತಿ ಯೋಜನೆಯ ಕೆಲಸದಲ್ಲಿದ್ದುಕೊಂಡೇ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಊರುಗಳನ್ನು ಕಣ್ಣಾರೆ ಕಂಡರು. 'ಮುಳುಗಡೆ', 'ದ್ವೀಪ' ಕಾದಂಬರಿಗಳಲ್ಲಿ ಅವರು ಬರೆದದ್ದು ತಮ್ಮ ಧರ್ಮದವರ ಕತೆಯನ್ನಲ್ಲ, ನೆಲ ಕಳೆದುಕೊಂಡ ನೆರೆಯವರ ಕತೆಯನ್ನು. 2014ರಲ್ಲಿ ಮಡಿಕೇರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯನ್ನು ನಾಡು ಅವರಿಗೆ ವಹಿಸಿದಾಗ, ಅವರು ಯಾರ ಪೈಕಿ ಎಂಬ ಪ್ರಶ್ನೆಗೆ ಉತ್ತರ ಕನ್ನಡಿಗರೆಲ್ಲರ ಪೈಕಿ ಎಂಬುದಾಗಿತ್ತು. 2025ರ ಜನವರಿಯಲ್ಲಿ ಅವರು ನಮ್ಮನ್ನು ಅಗಲಿದರು.

ಕಾಗೋಡಿನ ಕತೆ ಅಷ್ಟಕ್ಕೇ ಮುಗಿಯಲಿಲ್ಲ. ದೇವರಾಜ ಅರಸರ ಕಾಲದ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿದ ಗೇಣಿದಾರರು ಭೂನ್ಯಾಯಮಂಡಳಿಯ ಮುಂದೆ ನಿಂತು ಭೂಮಿಯ ಒಡೆಯರಾದರು. ಕರಾವಳಿಯ ಕಥೋಲಿಕರಲ್ಲಿ ಈ ಕಾನೂನನ್ನು ಒಕ್ಕಲಿನ ಮನೆಯವರು ದೇವರ ಕೃಪೆ ಎಂದರು, ಧಣಿಗಳ ಮನೆಯವರು ಲೂಟಿ ಎಂದರು. ಇಬ್ಬರೂ ಭಾನುವಾರ ಒಂದೇ ಬಲಿಪೂಜೆಯಲ್ಲಿ ಪಾಲುಗೊಳ್ಳುತ್ತಿದ್ದರು. ಆದರೆ ಆ ಗದ್ದೆಗಳಲ್ಲಿ ಕೂಲಿ ಮಾಡುತ್ತಿದ್ದವರ ಹೆಸರಿನಲ್ಲಿ ಗೇಣಿಯ ಯಾವ ದಾಖಲೆಯೂ ಇರಲಿಲ್ಲ. ಅವರು ನಮೂನೆ 7ನ್ನು ತುಂಬಿಸುವಂತಿರಲಿಲ್ಲ. ಅಂದು ದೊಡ್ಡ ಕೊಳಗದಿಂದ ನೊಂದವರ ಮೊಮ್ಮಕ್ಕಳ ತೋಟದಲ್ಲಿ ಇಂದು ಕೊನೆ ಇಳಿಸುವವರ, ಅಡಿಕೆ ಸುಲಿಯುವವರ ಕೂಲಿಯ ಮಾತು ಬಂದಾಗ, ಆ ಮಾತು ಯಾವ ಕೊಳಗದಲ್ಲಿ ಅಳೆಯಲ್ಪಡುತ್ತದೆ? ತೋಟವುಳ್ಳ ಓದುಗರು, ಅವರು ಯಾವ ಜಾತಿಯವರೇ ಆಗಿರಲಿ, ಇದಕ್ಕೆ ಉತ್ತರ ಬಲ್ಲರು.

ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯವನ್ನು ಇಂದು ರಾತ್ರಿ ಒಮ್ಮೆ ತೆರೆಯಿರಿ. ಜೆರುಸಲೇಮಿನ ಮೊದಲ ಸಭೆಯಲ್ಲಿ ಎದ್ದ ಜಗಳ ಭಾಷೆಯ ಗುಂಪುಗಳ ಜಗಳ. ದಿನದ ಆಹಾರ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ ಎಂಬ ದೂರು ಬಂತು. ಹಂಚುವವರು ಸ್ಥಳೀಯ ಹೀಬ್ರೂ ಜನ, ಪ್ರೇಷಿತರೂ ಆ ಜನವೇ. ದೂರನ್ನು ಸುಳ್ಳೆನ್ನಬಹುದಿತ್ತು, ಎರಡೂ ಗುಂಪಿನಿಂದ ಸಮನಾಗಿ ಆರಿಸಿ ಸಮಿತಿ ಮಾಡಬಹುದಿತ್ತು. ಅವರು ಏಳು ಮಂದಿಯನ್ನು ಆರಿಸಿದರು. ಸ್ತೇಫನ, ಫಿಲಿಪ್ಪ, ಪ್ರೊಖೋರ, ನಿಕಾನೋರ, ತಿಮೋನ, ಪರ್ಮೇನ, ಅಂತಿಯೋಕ್ಯದ ನಿಕೊಲಾಯ. ಹೆಸರುಗಳನ್ನು ಇನ್ನೊಮ್ಮೆ ಓದಿ; ಏಳೂ ಗ್ರೀಕ್ ಹೆಸರುಗಳು. ಮರುದಿನದಿಂದ ಹೀಬ್ರೂ ವಿಧವೆಯರು ಆ ಏಳು ಮಂದಿಯ ಮುಂದೆ ತಮ್ಮ ಪಾತ್ರೆ ಹಿಡಿದು ನಿಲ್ಲಬೇಕಾಯಿತು. ಆ ಸಾಲಿನಲ್ಲಿ ನಿಂತ ಅಜ್ಜಿಯರು ತಮ್ಮತಮ್ಮಲ್ಲಿ ಏನು ಮಾತಾಡಿಕೊಂಡರೋ, ಸಂತ ಲೂಕನು ಬರೆದಿಟ್ಟಿಲ್ಲ.